ಕವಡೆಗೆ ಕಿಮ್ಮತ್ತಿಲ್ಲ ಅಂದವರು ಯಾರು?

ಸವದತ್ತಿ ಗುಡ್ಡದ ಅಂಗಡಿಯೊಂದರಲ್ಲಿ ಚೌಕಾಬಾರಕ್ಕೆ ಅಂತ ನಾಲ್ಕು ಕವಡೆ ಕೊಂಡೆ. "ಹೊಳಪು ನೋಡ್ರೀ ಸರ, ಅಸಲಿ ಮಾಲು" ಅಂದ ಅಂಗಡಿಯವ. ಅಸಲಿಯೇ. ಕವಡೆ ಅನ್ನೋದು ಕಡಲ ಬಸವನಹುಳು. ಬದುಕಿದ್ದಾಗ ಅದರ ಮೈಯ ಮೆತ್ತನೆ ಪದರ ಹೊರಗೆ ಚಾಚಿ ಚಿಪ್ಪನ್ನೇ ಹೊದ್ದುಕೊಂಡಿರುತ್ತೆ, ನುಣುಪು ಬರೋದು ಅದರಿಂದ. ಸತ್ತು ದಡ ಸೇರಿದ್ದು ಬಿಸಿಲಿಗೆ, ಮರಳಿನ ಉಜ್ಜಾಟಕ್ಕೆ ಮಂಕಾಗುತ್ತೆ. ಅಂದರೆ ಫಳಫಳ ಹೊಳೆಯುವ ಕವಡೆಯನ್ನು ಹೆಚ್ಚಾಗಿ ಜೀವಂತ ಹಿಡಿದೇ ತಂದಿರುತ್ತಾರೆ. (ನಾನೂ ಹೊಳೆಯೋದನ್ನೇ ಆರಿಸಿದ್ದು, ಒಪ್ಪಿಕೊಳ್ತೀನಿ.)

ಹೆಬ್ಬೆರಳಿನ ತುದಿಯಷ್ಟಿರುವ ಈ ಜೀವಿಗೆ 1758ರಲ್ಲಿ ಹೆಸರಿಡುವಾಗ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 'ಮೊನೆಟಾ' ಅಂತ ಸೇರಿಸಿದ. ಲ್ಯಾಟಿನ್‌ನಲ್ಲಿ ದುಡ್ಡು ಅಂತ ಅರ್ಥ. ಆಗೆಲ್ಲ ಎಷ್ಟೋ ಕಡೆ ಕವಡೆಯೇ ದುಡ್ಡಾಗಿ ನಡೆಯುತ್ತಿತ್ತು. ಅದರ ಟಂಕಸಾಲೆ ಅಂದರೆ ಮಾಲ್ಡೀವ್ಸ್. ಅಲ್ಲಿ ತೆಂಗಿನ ಗರಿಗಳನ್ನು ನೀರಿಗೆ ಬಿಟ್ಟು, ಅಂಟಿಕೊಂಡ ಕವಡೆಗಳನ್ನು ಬಿಡಿಸಿ, ಒಳಗಿನ ಮಾಂಸ ಕೊಳೆಯಲಿ ಅಂತ ಹೂಳುತ್ತಿದ್ದರು. ಹಡಗು ತುಂಬಿ ಬಂಗಾಳಕ್ಕೆ ಕಳಿಸಿದರೆ ಬದಲಿಗೆ ಅಕ್ಕಿ ಬರುತ್ತಿತ್ತು. 14ನೇ ಶತಮಾನದಲ್ಲಿ ಮಾಲ್ಡೀವ್ಸ್‌ನಲ್ಲಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ, ಒಂದು ಚಿನ್ನದ ದಿನಾರಿಗೆ 4 ಲಕ್ಷ ಕವಡೆ, ಬೆಲೆ ಇಳಿದರೆ 12 ಲಕ್ಷ ಅಂತ ಬರೆದಿದ್ದಾನೆ. ಅದೇ ಮನುಷ್ಯ ಮುಂದೆ ಆಫ್ರಿಕಾದ ಮಾಲಿಗೆ ಹೋದಾಗ ಕಂಡ ದರ, ದಿನಾರಿಗೆ ಬರೀ 1,150! ಈ ವ್ಯತ್ಯಾಸ ಯುರೋಪಿನ ವ್ಯಾಪಾರಿಗಳ ಕಣ್ಣಿಗೂ ಬೀಳದೇ ಇರಲಿಲ್ಲ. ಮುಂದಿನ ಶತಮಾನಗಳಲ್ಲಿ ಆಮ್ಸ್ಟರ್‌ಡ್ಯಾಂ, ಲಂಡನ್ ದಾಟಿ ಪಶ್ಚಿಮ ಆಫ್ರಿಕಾಕ್ಕೆ ಹೋದ ಕವಡೆಯಲ್ಲಿ ಅವರು ಕೊಂಡದ್ದು ಮನುಷ್ಯರನ್ನು.

ನಾವಿಲ್ಲಿ 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಅಂತ ಬೈಯ್ತೀವಿ. ನನಗೆ ಅನುಮಾನ, ಈ ಮಾತು ಹುಟ್ಟಿದ್ದು ಬೆಳ್ಳಿ ಇದ್ದವರ ಬಾಯಲ್ಲಿ. ಹಿಡಿ ಉಪ್ಪು, ಒಂದು ಹೊತ್ತಿನ ಸೊಪ್ಪು ಕೊಳ್ಳುವವರಿಗೆ ಬೆಳ್ಳಿ ನಾಣ್ಯ ತಗೊಂಡು ಏನಾಗಬೇಕು? ಒಡಿಶಾದಲ್ಲಿ ಇದು ಬರೀ ಗಾದೆಯಾಗಿ ಉಳಿಯಲಿಲ್ಲ. 1803ರಲ್ಲಿ ಅಲ್ಲಿಗೆ ಬಂದ ಕಂಪನಿ ಸರ್ಕಾರ ಕಂದಾಯವನ್ನು ಬೆಳ್ಳಿಯಲ್ಲೇ ಕಟ್ಟಿ ಅಂದಿತು. ಕವಡೆ ಬೆಲೆ ಬಿತ್ತು. ಅಷ್ಟೇ ಕಂದಾಯದ ಬೆಳ್ಳಿ ಕೊಳ್ಳೋಕೆ ರೈತ ಮೊದಲಿಗಿಂತ ಎಷ್ಟೋ ಹೆಚ್ಚು ಕವಡೆ ಸುರಿಯಬೇಕಾಯಿತು. 1817ರಲ್ಲಿ ಅಲ್ಲಿನ ಪೈಕರು, ಅಂದರೆ ಸ್ಥಳೀಯ ಕಾಲಾಳು ಸೈನಿಕರು, ಎಬ್ಬಿಸಿದ ದಂಗೆಗೆ ಇದ್ದ ಕಾರಣಗಳಲ್ಲಿ ಇದೂ ಒಂದು. ಕಿಮ್ಮತ್ತು ತಾನಾಗಿ ಹೋಗಲಿಲ್ಲ, ಕಿತ್ತುಕೊಂಡರು.

ಅಂದಹಾಗೆ, ನಾಲ್ಕು ಕವಡೆಗೆ ಅಂಗಡಿಯವ ಕೇಳಿದ್ದು ನಲವತ್ತು ರೂಪಾಯಿ. "ಕವಡೆಗೆ ಇಷ್ಟೊಂದಾ?" ಅಂತ ಚೌಕಾಸಿ ಮಾಡಿ ಮೂವತ್ತಕ್ಕೆ ಇಳಿಸಿದವನೂ ನಾನೇ.