ಜಿ5 ಕ್ವಾಡ್: ಮೊದಲು ತಳ ನೋಡಿ

2005ರ ಪವರ್ ಮ್ಯಾಕ್ ಜಿ5 ಕ್ವಾಡ್, ದ್ರವದಿಂದ ತಂಪಾಗುವ ಆಪಲ್ ಡೆಸ್ಕ್‌ಟಾಪ್ ಕಂಪ್ಯೂಟರ್. ಹಳೆಯದನ್ನು ಕೊಳ್ಳುವವರಿಗೆ ‘ಆನ್ ಆದರೆ ಸಾಕು, ಕೊಳ್ಳಿ’ ಎಂದು ಲೇಖನವೊಂದು ಕೊಟ್ಟ ಸಲಹೆಯನ್ನು ಒಪ್ಪಲಾರೆ. ಕೂಲಂಟ್ (ತಂಪು ಮಾಡುವ ದ್ರವ) ಸೋರುತ್ತಿರುವ ಯಂತ್ರವೂ ಕೆಲಕಾಲ ಆರಾಮಾಗಿ ಓಡುತ್ತದೆ. ಸೋರಿಕೆ ತಡೆಯುವ ರಬ್ಬರ್ ಉಂಗುರಗಳಾದ ಓ-ರಿಂಗ್‌ಗಳು ಗಟ್ಟಿಯಾಗಿ ಜಿನುಗಿದ ದ್ರವ ಪ್ರೊಸೆಸರ್ ಬೋರ್ಡನ್ನು ತಿಂದು, ಕೆಳಗಿಳಿದು ಪವರ್ ಸಪ್ಲೈ ಸೇರುತ್ತದೆ. ಹಾಗಾಗಿ ಪಕ್ಕದ ಬಾಗಿಲು ತೆಗೆಸಿ, ಕೂಲರ್ ಕೆಳಗಿನ ಅಲ್ಯೂಮಿನಿಯಂ ತಳದಲ್ಲಿ ಹಸಿರು ಅಥವಾ ಬಿಳಿ ಹೊಪ್ಪಳೆ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಇದ್ದರೆ ಬಿಡಿಭಾಗದ ಬೆಲೆಗಷ್ಟೇ ಕೇಳಿ.

ಸೋರದಿದ್ದರೂ ರಿಪೇರಿಗೆ ಹಣ ತೆಗೆದಿಡಿ. ಹಳೆಯ ದ್ರವ ಬಸಿದು, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಎಲ್ಲ ಓ-ರಿಂಗ್ ಮತ್ತು ಪೈಪ್ ಬದಲಿಸಿ, ತುಕ್ಕು ತಡೆಯುವ ಹೊಸ ಕೂಲಂಟ್ ತುಂಬಬೇಕು. ಯಂತ್ರದ ಹೊರಗೇ 24 ಗಂಟೆ ಪಂಪ್ ಓಡಿಸಿ, ಕೆಳಗೆ ಟಿಶ್ಯೂ ಹಾಸಿ ನೋಡದೆ ಒಳಗೆ ಕೂರಿಸಬೇಡಿ. ಆಮೇಲೆ ಆಪಲ್‌ನ ಪರೀಕ್ಷಾ ತಂತ್ರಾಂಶವಾದ ಆಪಲ್ ಸರ್ವಿಸ್ ಡಯಾಗ್ನೋಸ್ಟಿಕ್‌ನಲ್ಲಿ ಥರ್ಮಲ್ ಕ್ಯಾಲಿಬ್ರೇಶನ್ (ತಾಪಮಾನ ಅಳತೆಯ ಹೊಂದಾಣಿಕೆ) ಮಾಡಿ. ಅದನ್ನು ಬಿಟ್ಟರೆ ಫ್ಯಾನ್‌ಗಳ ಅಬ್ಬರ ನಿಲ್ಲುವುದಿಲ್ಲ.

ದಿನಬಳಕೆಗಂತೂ ಬೇಡ, ಮ್ಯಾಕ್ ಒಎಸ್ 10.5.8ರ ಮುಂದೆ ದಾರಿಯಿಲ್ಲ. ಹಳೆಯ ಪವರ್‌ಪಿಸಿ ತಂತ್ರಾಂಶವೇ (ಇಂಟೆಲ್‌ಗೆ ಮುಂಚಿನ ಆಪಲ್ ಪ್ರೊಸೆಸರ್‌ಗಳದು) ಬೇಕೆಂದರೆ, ಅದೇ ವರ್ಷದ 2.3 ಗಿಗಾಹರ್ಟ್ಸ್ ಡ್ಯುಯಲ್-ಕೋರ್ ಮಾದರಿ ಹುಡುಕಿ: 16 ಜಿಬಿವರೆಗೆ ರ‍್ಯಾಮ್, ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಸ್ಲಾಟ್ ಎಲ್ಲ ಇದೆ, ತಂಪಾಗುವುದು ಗಾಳಿಯಿಂದಲೇ.