ಪಟ್ಟಿಯೊಳಗೆ ಪಟ್ಟಿಯೇ? ಛೆ, ಛೆ!

ಟೈಪ್ ಮಾಡಿದ ಕಮಾಂಡುಗಳನ್ನು ನಡೆಸಿಕೊಡುವ ಬ್ಯಾಷ್ ಶೆಲ್‌ಗೆ ದೊಡ್ಡ ನಮಸ್ಕಾರ. ಅರೇ ಅಂದರೆ ಪಟ್ಟಿ; ಅದರೊಳಗೆ ಇನ್ನೊಂದು ಅರೇ ಇಡಲು ಹೋದರೆ ಆಗಲ್ಲ ಎಂದು ಖಡಾಖಂಡಿತ ಹೇಳುತ್ತದೆ. ಆ ಎರರ್ ನೀವೂ ನೋಡಿಯೇ ಇರುತ್ತೀರಿ, ಬಿಡಿ. ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ 1960ರ ಹೊತ್ತಿಗೇ ಈ ಕೆಲಸ ಮಾಡುತ್ತಿತ್ತು. ಬ್ಯಾಷ್ ಬಂದದ್ದು 1989ರಲ್ಲಿ. ಪಾಪ, ಅವಸರವೇನಿದೆ?

ಒಂದೇ ಹಂತದ ಪಟ್ಟಿಯಾದರೂ ಸಲೀಸಾ? ಹೆಸರು ಹಿಡಿದು ಕೇಳಿದರೆ ಮೊದಲನೆಯದನ್ನು ಮಾತ್ರ ಕೊಟ್ಟು ಸುಮ್ಮನಾಗುತ್ತದೆ. ಉಳಿದವೂ ಬೇಕಾದರೆ ಡಾಲರ್, ಹೂ ಬ್ರಾಕೆಟ್, ಚೌಕ ಬ್ರಾಕೆಟ್, ಅದರೊಳಗೊಂದು ಅಟ್ ಚಿಹ್ನೆ, ಸುತ್ತ ಡಬಲ್ ಕೋಟ್. ಕೋಟ್ ಮರೆತಿರೋ, ಸ್ಪೇಸ್ ಇರುವ ಫೈಲ್ ಹೆಸರು ಎರಡು ತುಂಡು.

ಜನ ಮಾತ್ರ ಜಾಣರು. ಕೆಲವರು ‘0,1’, ‘0,2’ ಎಂದು ಕೀ, ಅಂದರೆ ಗುರುತಿನ ಹೆಸರು ಕೊಟ್ಟು ಇದೇ ಎರಡು ಆಯಾಮದ ಅರೇ ಅನ್ನುತ್ತಾರೆ. ಬ್ಯಾಷ್‌ಗೆ ಆ ಕಾಮಾ ಬರೀ ಒಂದು ಅಕ್ಷರ. ಕೆಲವರು ಸಾಲಿಗೊಂದು ಅರೇ ಮಾಡಿ, ಅವುಗಳ ಹೆಸರನ್ನು ಇನ್ನೊಂದರಲ್ಲಿ ತುಂಬುತ್ತಾರೆ. ಊಟದ ಬದಲು ಹೋಟೆಲ್ ವಿಳಾಸ ಕೊಟ್ಟಂತೆ. ಇದಕ್ಕೆ 2014ರ 4.3 ಆವೃತ್ತಿ ನೇಮ್‌ರೆಫ್ (ಇನ್ನೊಂದು ವೇರಿಯಬಲ್ಲನ್ನು ತೋರಿಸುವ ಹೆಸರು) ಎಂಬ ವರ ಕೊಟ್ಟಿತು. ಫಂಕ್ಷನ್ ಒಳಗೂ ಹೊರಗೂ ಒಂದೇ ಹೆಸರಿಟ್ಟರೆ ಅದು ತನ್ನನ್ನೇ ತೋರಿಸಿಕೊಂಡು ಗೊಣಗುತ್ತದೆ. ಪಟ್ಟಿಯನ್ನು ಜೇಸನ್ ಎಂಬ ಪಠ್ಯರೂಪದ ಸ್ಟ್ರಿಂಗ್ ಮಾಡಿ, ಅದನ್ನು ಬಿಡಿಸಲು ಜೆಕ್ಯೂ ಎಂಬ ಬೇರೆ ಪ್ರೋಗ್ರಾಂ ಕರೆಯುವವರೂ ಉಂಟು. ಪಠ್ಯವನ್ನೇ ಕಮಾಂಡಾಗಿ ಓಡಿಸುವ ಇವ್ಯಾಲ್ ಬಳಸುವವರ ಬಗ್ಗೆ ನಾನು ಮಾತಾಡಲ್ಲ.

ಮ್ಯಾಕ್ ಕಥೆ ಬೇರೆ. ಕೀ ಇರುವ ಅರೇ ಬಂದದ್ದು 2009ರ 4.0ರಲ್ಲಿ. ಅದರ ಲೈಸೆನ್ಸ್ ಜಿಪಿಎಲ್ 3, ಆಪಲ್ ದೂರವಿಡುವ ಮುಕ್ತ ಪರವಾನಗಿ. ಆಪಲ್ ಇಂದಿಗೂ ಕೊಡುವುದು 3.2, ಅದು 2006ರ ಸರಕು. 2019ರಲ್ಲಿ ಝಡ್‌ಶೆಲ್ ಎಂಬ ಇನ್ನೊಂದು ಶೆಲ್ ಅನ್ನು ಡೀಫಾಲ್ಟ್ ಮಾಡಿದರು. ಅದರಲ್ಲೂ ಪಟ್ಟಿಯೊಳಗೆ ಪಟ್ಟಿ ಇಲ್ಲ! ಇನ್ನು ಬ್ಯಾಷ್ ಕೈಪಿಡಿಯ ಬಗ್ಸ್ ವಿಭಾಗದ ಮೊದಲ ಸಾಲೇ ‘ಇದು ತುಂಬಾ ದೊಡ್ಡದು, ತುಂಬಾ ನಿಧಾನ’. ಇಷ್ಟು ಪ್ರಾಮಾಣಿಕವಾಗಿ ನಮ್ಮ ಯಾವ ಇಲಾಖೆ ಬರೆದುಕೊಂಡೀತು ಹೇಳಿ?

ಆದರೂ ಬ್ಯಾಷ್ ಮೇಲೇಕೆ ಸಿಟ್ಟು? ಕಮಾಂಡುಗಳನ್ನು ಪೋಣಿಸಲು ಇಟ್ಟ ಸಾಧನ ಅದು. ‘ಹತ್ತು ಸಾಲಿನ ಕೆಲಸ, ಪೈಥಾನ್ ಯಾಕೆ ಸುಮ್ನೆ’ ಎಂದವರು ಯಾರು? ಆ ಹತ್ತು ಸಾಲು ಈಗ ಪುಟಗಟ್ಟಲೆ ಬೆಳೆದಿದೆ. ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಆಫೀಸಿನ ಬ್ಯಾಕಪ್ ಪೂರ್ತಿ ಅದರ ಮೇಲೇ ನಿಂತಿದೆ. ಮುಟ್ಟಲು ಎಲ್ಲರಿಗೂ ಭಯ, ತಿದ್ದಿ ಬರೆಯಲು ಯಾರೂ ಟೈಮ್ ಕೊಡಲ್ಲ. ಸಾಕಾಗಿದೆ ಕಣ್ರೀ.

ಮೊನ್ನೆ ಮೀಟಿಂಗಿನಲ್ಲಿ ಪಟ್ಟಿಗೆ ಇನ್ನೊಂದು ಹಂತ ಬೇಕು ಅಂದರು. ಸೋಮವಾರದೊಳಗೆ. ಬ್ಯಾಷ್‌ನಲ್ಲೇ.