ಆನ್‌ಲೈನ್ ವಿಂಡ್ ಎನರ್ಜಿ ಮಾಸ್ಟರ್ಸ್ ಮೊದಲು ಸೈಟಲ್ಲಿರೋರು ಓದ್ಲಿ

ಬಿಇ ರಿಸಲ್ಟ್ ಬಂದ ವಾರದಲ್ಲೇ "ಸಾರ್, ಆನ್‌ಲೈನಲ್ಲಿ ವಿಂಡ್ ಎನರ್ಜಿ ಮಾಸ್ಟರ್ಸ್ ಮಾಡ್ಲಾ?" ಅಂತ ಕೇಳೋ ಹುಡುಗರಿಗೆ ನಾನು ಸದ್ಯಕ್ಕೆ ಬೇಡ ಅಂತಲೇ ಹೇಳೋದು. ಅದೇ ಪ್ರಶ್ನೆನ ಗದಗದ ಕಪ್ಪತಗುಡ್ಡದಲ್ಲೋ ಚಿತ್ರದುರ್ಗದ ಗುಡ್ಡದ ಸಾಲಲ್ಲೋ ಮೂರ್ನಾಲ್ಕು ವರ್ಷದಿಂದ ಮೇಂಟೆನೆನ್ಸ್ ಕೆಲಸ ಮಾಡ್ತಾ, ಬೆಲ್ಟ್ ಕಟ್ಕೊಂಡು ಟವರ್ ಹತ್ತಿ ಇಳಿಯೋ ಇಂಜಿನಿಯರ್ ಕೇಳಿದ್ರೆ ಇವತ್ತೇ ಅಪ್ಲೈ ಮಾಡಪ್ಪಾ ಅಂತೀನಿ. ನಾನೂ ನೌಕರಿ ಮಾಡ್ಕೊಂಡೇ ಆನ್‌ಲೈನಲ್ಲಿ ಇದನ್ನ ಓದಿದವನು, ಈಗ ವಿಂಡ್ ರಿಸೋರ್ಸ್ ಕೆಲಸದಲ್ಲಿದೀನಿ (ಯಾವ ಜಾಗದಲ್ಲಿ ಎಷ್ಟು ಗಾಳಿ, ಎಷ್ಟು ಕರೆಂಟ್ ಅಂತ ಲೆಕ್ಕ ಹಾಕೋದು), ಒಂದೇ ಪ್ರಶ್ನೆಗೆ ಎರಡು ಉತ್ತರ ಯಾಕೆ ಅಂತ ಸ್ವಲ್ಪ ಉದ್ದವಾಗೇ ಬರೀತೀನಿ.

ಗಾಳಿಯಲ್ಲಿರೋ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ ಅನ್ನೋದು ಬಿಇ ಪುಸ್ತಕದಲ್ಲೂ ಇದೆ. ಸೆಕೆಂಡಿಗೆ 6 ಮೀಟರ್ ಇದ್ದ ಗಾಳಿ 7 ಆದ್ರೆ ಶಕ್ತಿ ಹೆಚ್ಚುಕಮ್ಮಿ 59 ಪರ್ಸೆಂಟ್ ಜಾಸ್ತಿ. ಪರೀಕ್ಷೆಗೆ ಇದು ಎರಡು ಮಾರ್ಕ್ಸಿನ ಪ್ರಶ್ನೆ ಅಷ್ಟೆ, ಆದ್ರೆ ಕೆಲಸದಲ್ಲಿ ಇದರ ಅರ್ಥ ಏನಂದ್ರೆ, ಹೊಲದಲ್ಲಿ ನಿಲ್ಲಿಸಿದ ಮೆಟ್ ಮಾಸ್ಟಿನ (ಗಾಳಿ ಅಳೆಯೋ ಕಂಬದ) ಕಪ್ ಅನಿಮಾಮೀಟರ್, ಅಂದ್ರೆ ಗಾಳಿ ವೇಗದ ಮೀಟರ್, ಸರಿಯಾಗಿ ಕ್ಯಾಲಿಬ್ರೇಟ್ ಆಗದೆ 5 ಪರ್ಸೆಂಟ್ ಹೆಚ್ಚು ತೋರಿಸ್ತು ಅಂದ್ರೆ ಶಕ್ತಿಯ ಲೆಕ್ಕ ಸುಮಾರು 16 ಪರ್ಸೆಂಟ್ ತಪ್ಪುತ್ತೆ. ಬ್ಯಾಂಕಿನವರು ಸಾಲ ಕೊಡೋವಾಗ ಪಿ90 ಎಷ್ಟು ಅಂತ ಕೇಳ್ತಾರೆ, ಅಂದ್ರೆ ನೂರಕ್ಕೆ ತೊಂಬತ್ತು ಪಾಲು ಇಷ್ಟು ಉತ್ಪಾದನೆ ಬಂದೇ ಬರುತ್ತೆ ಅಂತ ನಾವು ಹೇಳೋ ಮೊತ್ತ, ಅದು ಪೂರ್ತಿ ನಿಂತಿರೋದು ಈ ಥರ ಸಣ್ಣಪುಟ್ಟ ಅನಿಶ್ಚಿತತೆಗಳನ್ನ ಎಷ್ಟು ಪ್ರಾಮಾಣಿಕವಾಗಿ ಕೂಡಿಸಿದ್ವಿ ಅನ್ನೋದರ ಮೇಲೆ. ಒಂದು ವರ್ಷದ ಮಾಸ್ಟ್ ಡೇಟಾನ ಇಪ್ಪತ್ತು ವರ್ಷದ ಇಆರ್‌ಎ5 (ಯೂರೋಪಿನ ಹವಾಮಾನ ಕೇಂದ್ರ ಕೊಡೋ ಹಿಂದಿನ ವರ್ಷಗಳ ಹವಾಮಾನದ) ಡೇಟಾ ಜೊತೆ ಹೋಲಿಸಿ ಆ ವರ್ಷ ಒಳ್ಳೆ ಗಾಳಿಯ ವರ್ಷವಾಗಿತ್ತಾ ಅಲ್ವಾ ಅಂತ ನೋಡೋದು, ಮುಂದಿನ ಸಾಲಿನ ಟರ್ಬೈನ್ ದಾಟಿ ಬರೋವಾಗ ಗಾಳಿ ಕುಗ್ಗುತ್ತಲ್ಲ ಆ ವೇಕ್ ನಷ್ಟ ಲೆಕ್ಕ ಹಾಕೋದು, ಇವಕ್ಕೆಲ್ಲ ದೊಡ್ಡ ಲ್ಯಾಬ್ ಬೇಡ, ಲ್ಯಾಪ್‌ಟಾಪ್ ಸಾಕು. ವೇಕ್‌ಗೆ 1983ರಲ್ಲಿ ಡೆನ್ಮಾರ್ಕಿನ ರಿಸೋ ಸಂಶೋಧನಾ ಕೇಂದ್ರದಲ್ಲಿ ಯೆನ್ಸನ್ ಮಾಡಿದ ಮಾಡೆಲನ್ನ ಎಕ್ಸೆಲ್ ಶೀಟಲ್ಲೇ ಬರೀಬಹುದು. ರೆಕ್ಕೆ ಮೇಲಿನ ಗಾಳಿಯ ಬಲ ಕಂಡುಹಿಡಿಯೋ ಬ್ಲೇಡ್ ಎಲಿಮೆಂಟ್ ಮೊಮೆಂಟಮ್ ಲೆಕ್ಕ ಪೈಥಾನಲ್ಲಿ ಬರೆಯೋಕೆ ಒಂದೆರಡು ವಾರಾಂತ್ಯ ಬೇಕು. ಲೋಡ್ ಸಿಮ್ಯುಲೇಶನ್‌ಗೆ (ಮಷೀನಿನ ಮೇಲೆ ಬೀಳೋ ಒತ್ತಡದ ಲೆಕ್ಕಕ್ಕೆ) ಓಪನ್‌ಫಾಸ್ಟ್ ಸಾಫ್ಟ್‌ವೇರ್ ಉಚಿತವಾಗೇ ಸಿಗುತ್ತೆ, ಅಮೆರಿಕದ ಎನ್‌ಆರ್‌ಇಎಲ್ ಲ್ಯಾಬಿನ 5 ಮೆಗಾವ್ಯಾಟ್, ಡೆನ್ಮಾರ್ಕಿನ ಟೆಕ್ನಿಕಲ್ ಯೂನಿವರ್ಸಿಟಿ ಡಿಟಿಯುದ 10 ಮೆಗಾವ್ಯಾಟ್ ಥರದ, ಅಧ್ಯಯನಕ್ಕಂತ ಕಾಗದದ ಮೇಲೆ ಮಾಡಿದ ರೆಫರೆನ್ಸ್ ಟರ್ಬೈನ್‌ಗಳ ವಿವರವೂ ಎಲ್ಲರಿಗೂ ತೆರೆದಿದೆ. ಹಾಗಾಗಿ ಇಂಜಿನಿಯರಿಂಗನ್ನ ಆನ್‌ಲೈನಲ್ಲಿ ಓದೋಕಾಗುತ್ತಾ ಅನ್ನೋ ಅನುಮಾನ ಈ ವಿಷಯಕ್ಕೆ ಅಷ್ಟಾಗಿ ಹೊಂದಲ್ಲ.

ಆನ್‌ಲೈನಲ್ಲಿ ಸಿಗದೇ ಇರೋದು ಮಷೀನು. ಟವರ್ ತುದಿಯ ನಸೆಲ್ (ಗೇರ್‌ಬಾಕ್ಸ್, ಜನರೇಟರ್ ಇರೋ ಡಬ್ಬಿ) ಒಳಗಿನ ಎಣ್ಣೆ ವಾಸನೆ, ಗೇರ್‌ಬಾಕ್ಸ್ ಬೇರಿಂಗ್ ಕೆಡೋಕೆ ಶುರುವಾದಾಗ ಬದಲಾಗೋ ಸದ್ದು, ಬ್ಲೇಡಿನ ಮುಂದಿನ ಅಂಚು ಮಳೆ ಧೂಳಿಗೆ ಸವೆದು ಒರಟಾಗಿರೋದು, ಇದನ್ನ ಯಾವ ವಿಡಿಯೋನೂ ಕಲಿಸಲ್ಲ. ಫ್ರೆಶರ್‌ಗೆ ಬೇಡ ಅನ್ನೋದು ಇದಕ್ಕೇ. ಅವರಿಗೆ ಯಾ ಮಿಸ್‌ಅಲೈನ್‌ಮೆಂಟ್ (ಟರ್ಬೈನ್ ಮುಖ ಗಾಳಿಗೆ ನೇರ ಇಲ್ಲದಿರೋದು) ಅನ್ನೋದು ಸ್ಲೈಡಲ್ಲಿರೋ ಒಂದು ಕೋನ ಅಷ್ಟೆ. ಸೈಟಲ್ಲಿರೋನಿಗೆ ಹಾಗಲ್ಲ, ಈ ಫ್ಯಾನು ಪಕ್ಕದ್ದಕ್ಕಿಂತ ಯಾವಾಗ್ಲೂ ಕಮ್ಮಿ ಯೂನಿಟ್ ಕೊಡುತ್ತಲ್ಲ ಯಾಕೆ ಅಂತ ಅವನು ಮೊದಲೇ ತಲೆ ಕೆಡಿಸ್ಕೊಂಡಿರ್ತಾನೆ, ಆಮೇಲೆ ಕ್ಲಾಸಲ್ಲಿ ನಸೆಲ್ ಗಾಳಿಗೆ ಹತ್ತು ಡಿಗ್ರಿ ಓರೆ ನಿಂತ್ರೆ ಮೂರರಿಂದ ಐದು ಪರ್ಸೆಂಟ್ ಉತ್ಪಾದನೆ ಹೋಗುತ್ತೆ ಅಂತ ಹೇಳಿದಾಗ, ಮಾರನೇ ದಿನ ಸ್ಕಾಡಾದ (ಟರ್ಬೈನಿನ ಅಂಕಿಅಂಶ ದಾಖಲಿಸೋ ಕಂಪ್ಯೂಟರ್ ವ್ಯವಸ್ಥೆಯ) ಹತ್ತು ನಿಮಿಷದ ಡೇಟಾ ತೆಗೆದು ತಾನೇ ನೋಡ್ತಾನೆ. ಇಷ್ಟು ವರ್ಷ ಅಲಾರಂ ಬಂದ್ರೆ ರೀಸೆಟ್ ಮಾಡು, ಹೋಗ್ಲಿಲ್ಲಾಂದ್ರೆ ಮೇಲಿನವರಿಗೆ ಫೋನ್ ಮಾಡು ಅಂತಿದ್ದ ಹುಡುಗ ಈಗ ಕಾರಣ ಹುಡುಕ್ತಾನೆ. ನಾನು ಇದನ್ನ ಕಣ್ಣಾರೆ ನೋಡಿದೀನಿ, ನನಗೆ ಇದಕ್ಕಿಂತ ಖುಷಿ ಕೊಡೋ ವಿಷಯ ಈ ಫೀಲ್ಡಲ್ಲಿ ಇಲ್ಲ.

ಯೂರೋಪಿನವರೂ ಇದನ್ನ ಯೋಚಿಸೇ ಮಾಡಿದಾರೆ. ಡೆನ್ಮಾರ್ಕಿನ ಡಿಟಿಯು ಆನ್‌ಲೈನ್ ವಿಂಡ್ ಎನರ್ಜಿ ಮಾಸ್ಟರ್ 60 ಇಸಿಟಿಎಸ್ ಕ್ರೆಡಿಟ್‌ದು, ಅಂದ್ರೆ ಫುಲ್ ಟೈಮ್ ಆದ್ರೆ ಒಂದು ವರ್ಷದ ಓದು, ಅದನ್ನ ನೌಕರಿ ಜೊತೆಗೆ ಪಾರ್ಟ್ ಟೈಮಲ್ಲಿ ಹಂಚಿಕೊಂಡು ಓದೋದು, ಡಿಗ್ರಿ ಜೊತೆ ಎರಡು ವರ್ಷ ಕೆಲಸದ ಅನುಭವ ಬೇಕು. ಜರ್ಮನಿಯ ಕಾಸೆಲ್ ಯೂನಿವರ್ಸಿಟಿದು ವಿಂಡ್ ಎನರ್ಜಿ ಸಿಸ್ಟಮ್ಸ್ ಅಂತ ಆನ್‌ಲೈನ್ ಎಂಎಸ್ಸಿ, ಅದೂ ನೌಕರಿಯಲ್ಲಿರೋರಿಗೇ ಮಾಡಿದ್ದು. ಡೆನ್ಮಾರ್ಕಿನ ಇತಿಹಾಸವೂ ಹಾಗೇ ಇದೆ. ಪೌಲ್ ಲ ಕೂರ್ ಅನ್ನೋ ವಿಜ್ಞಾನಿ 1891ರಲ್ಲಿ ಆಸ್ಕೋವ್ ಅನ್ನೋ ಹಳ್ಳಿಯ ಜನತಾ ಶಾಲೆಯಲ್ಲಿ ಗಾಳಿಯಿಂದ ಕರೆಂಟ್ ತೆಗೆಯೋ ಯಂತ್ರ ಕಟ್ಟಿದ, ಆಮೇಲೆ ಅಲ್ಲೇ ಹಳ್ಳಿ ಹುಡುಗರನ್ನ ಎಲೆಕ್ಟ್ರಿಷಿಯನ್‌ಗಳಾಗಿ ತಯಾರು ಮಾಡೋಕೆ ಕೋರ್ಸ್ ನಡೆಸಿದ. 1904ರಲ್ಲಿ ಆ ಕೋರ್ಸಿಗೆ ಬಂದ ಯೋಹಾನೆಸ್ ಯೂಲ್ ಅನ್ನೋ ಹದಿಹರೆಯದ ಹುಡುಗನೇ ಮುಂದೆ 1957ರಲ್ಲಿ ಗೆಡ್ಸರ್‌ನಲ್ಲಿ ಮೂರು ರೆಕ್ಕೆಯ 200 ಕಿಲೋವ್ಯಾಟ್ ಟರ್ಬೈನ್ ನಿಲ್ಲಿಸಿದ್ದು, ಇವತ್ತು ನಮ್ಮ ಗುಡ್ಡದ ಮೇಲೆ ತಿರುಗೋ ಮೂರು ರೆಕ್ಕೆಯ ಮಷೀನುಗಳ ಹಿರಿಯಜ್ಜ ಅದು. ವೈರ್ ಎಳೆಯೋ ಕೈಗೇ ಥಿಯರಿನೂ ಕೊಟ್ಟ ದೇಶ ಇವತ್ತು ಎಲ್ಲಿದೆ ನೋಡಿ.

ನಮ್ಮಲ್ಲಿ? ಕರ್ನಾಟಕದಲ್ಲಿ 5,000 ಮೆಗಾವ್ಯಾಟ್ ಮೀರಿ ವಿಂಡ್ ಇದೆ, ದೇಶದ ಒಟ್ಟು 2025ರಲ್ಲಿ 50 ಗಿಗಾವ್ಯಾಟ್ ದಾಟಿತು. ಗದಗ, ಚಿತ್ರದುರ್ಗ, ಕೊಪ್ಪಳ, ವಿಜಯಪುರ, ಬಳ್ಳಾರಿ ಕಡೆ ಎಷ್ಟೋ ಹುಡುಗರು ಇದರಲ್ಲಿ ಕೆಲಸ ಮಾಡ್ತಿದಾರೆ. ಆದ್ರೆ ಯುಜಿಸಿಯ 2020ರ ನಿಯಮದಲ್ಲಿ ಇಂಜಿನಿಯರಿಂಗನ್ನ ಆನ್‌ಲೈನ್ ಮತ್ತು ದೂರಶಿಕ್ಷಣದಿಂದ ಹೊರಗಿಟ್ಟಿದಾರೆ. ಐಐಟಿಗಳು, ಐಐಎಸ್‌ಸಿ ನೌಕರಿ ಮಾಡೋರಿಗೆ ಆನ್‌ಲೈನ್ ಪಿಜಿ ಶುರು ಮಾಡಿವೆ ನಿಜ, ಆದ್ರೆ ಗಾಳಿ ವಿದ್ಯುತ್ತೇ ಮುಖ್ಯವಾದ, ಸೈಟ್ ಇಂಜಿನಿಯರ್‌ಗೆ ಅಂತಲೇ ಮಾಡಿದ ಕೋರ್ಸ್ ಬೇಕು ಅನ್ನೋದು ನನ್ನ ವಾದ. ಹದಿನೆಂಟು ವರ್ಷದ ಮಕ್ಕಳಿಗೆ ಬಿಇ ಆನ್‌ಲೈನಲ್ಲಿ ಬೇಡ, ಅದು ಸರಿನೇ, ನಾನೂ ಒಪ್ತೀನಿ. ಈಗಾಗಲೇ ಬಿಇ ಮುಗಿಸಿ ದಿನಾ ಟರ್ಬೈನ್ ಒಳಗೇ ಇರೋನಿಗೆ ಅದೇ ನಿಯಮ ಯಾಕೆ? ಅವನ ಲ್ಯಾಬ್ ಅವನ ಕೆಲಸದ ಜಾಗದಲ್ಲೇ ಇದೆ. ವಿಟಿಯು, ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ, ಕಂಪನಿಗಳು ಮೂರೂ ಕೂತು ಮಾತಾಡಿದ್ರೆ ದಾರಿ ಇದೆ. ಚಿತ್ರದುರ್ಗದ ಕಡೆ ಇನ್ನೂ ಕೆಲವೇ ನೂರು ಕಿಲೋವ್ಯಾಟಿನ ಹಳೇ ಟರ್ಬೈನ್‌ಗಳು ಒಳ್ಳೊಳ್ಳೆ ಗಾಳಿಯ ಜಾಗ ಹಿಡ್ಕೊಂಡು ನಿಂತಿವೆ, ರೀಪವರಿಂಗ್ ಪಾಲಿಸಿ 2016ರಲ್ಲಿ ಬಂತು, 2023ರಲ್ಲಿ ಮತ್ತೆ ತಿದ್ದಿದ್ರು, ಯಾವುದನ್ನ ತೆಗೆದು ಎಲ್ಲಿ ಎಷ್ಟು ದೊಡ್ಡದು ನಿಲ್ಲಿಸ್ಬೇಕು ಅನ್ನೋ ಲೆಕ್ಕ ಆ ಗುಡ್ಡನ ದಿನಾ ನೋಡ್ತಿರೋ ಹುಡುಗರ ಕೈಯಲ್ಲಾಗ್ಬೇಕು ಅಂತ ನನ್ನಾಸೆ.

ಇನ್ನು ಸಮಯದ ಮಾತು. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ಗಾಳಿ ಸೀಸನ್, ಆಗ ಒಂದು ಗಂಟೆ ಮಷೀನ್ ನಿಂತ್ರೂ ಫೋನ್ ಬರುತ್ತೆ, ಪುಸ್ತಕ ಮುಟ್ಟೋಕಾಗಲ್ಲ. ಡೆನ್ಮಾರ್ಕಲ್ಲಿ ಸೆಪ್ಟೆಂಬರಿಂದ ಒಂದು ಸೆಮಿಸ್ಟರ್, ಫೆಬ್ರವರಿಯಿಂದ ಇನ್ನೊಂದು, ಜುಲೈ ಆಗಸ್ಟ್ ರಜೆ. ಅಂದ್ರೆ ಅವರ ರಜೆ ನಮ್ಮ ಸೀಸನ್, ಮೊದಲ ತಿಂಗಳು ಸೆಪ್ಟೆಂಬರನ್ನೂ ಕೊನೆಯ ತಿಂಗಳು ಜೂನನ್ನೂ ಹೇಗೋ ದಾಟಿದ್ರೆ ಮಿಕ್ಕಿದ್ದೆಲ್ಲ ಇಲ್ಲಿ ಗಾಳಿ ಇಳಿದ ಕಾಲದಲ್ಲೇ ಬರುತ್ತೆ. ಅಲ್ಲಿ ಸಂಜೆ ಆರಕ್ಕೆ ಗ್ರೂಪ್ ಮೀಟಿಂಗ್ ಇಟ್ರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ, ಮನೆಯವರಿಗೆ ಮೊದಲೇ ಹೇಳಿಡಿ. ಸೈಟಲ್ಲಿ ನೆಟ್ ಸರಿಯಿಲ್ಲಾಂದ್ರೆ ಲೆಕ್ಚರ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಫೀಸು ದೊಡ್ಡದು, ಯೂರೋಪಿನವರಲ್ಲದವರಿಗಂತೂ ಹೊರೆನೇ, ಸಾಲ ಮಾಡೋ ಮುಂಚೆ ಕಂಪನಿ ಎಚ್‌ಆರ್ ಹತ್ರ ಅರ್ಧನಾದ್ರೂ ಕೊಡ್ತೀರಾ ಅಂತ ಬಾಯಿ ಬಿಟ್ಟು ಕೇಳಿ, ಎಷ್ಟೋ ಜನ ಕೇಳೋದೇ ಇಲ್ಲ. ಪ್ರಾಜೆಕ್ಟಿಗೆ ಸ್ಕಾಡಾ ಡೇಟಾ ಬಳಸ್ಕೊಳ್ಳೋಕೆ ಅನುಮತಿನೂ ಆಗಲೇ ಬರವಣಿಗೆಯಲ್ಲಿ ತಗೊಳ್ಳಿ. ಸರ್ಕಾರಿ ನೌಕರಿ ಅಥವಾ ಇಲ್ಲೇ ಪಿಎಚ್‌ಡಿ ಮಾಡೋ ಯೋಚನೆ ಇದ್ರೆ ದುಡ್ಡು ಕಟ್ಟೋಕೆ ಮುಂಚೆ ಆ ಡಿಗ್ರಿಗೆ ಇಲ್ಲಿ ಮಾನ್ಯತೆ ಸಿಗುತ್ತಾ ಅಂತ ಖಚಿತ ಮಾಡ್ಕೊಳ್ಳಲೇಬೇಕು.

ಇದೆಲ್ಲಕ್ಕೂ ಮುಂಚೆ ಡಿಟಿಯುದೇ ವಿಂಡ್ ಎನರ್ಜಿ ಕೋರ್ಸ್ ಕೋರ್ಸೆರಾ ವೆಬ್‌ಸೈಟಲ್ಲಿದೆ, ಒಂದು ಸಲ ಮುಗಿಸಿ ನೋಡಿ. ಗ್ಲೋಬಲ್ ವಿಂಡ್ ಅಟ್ಲಾಸ್ (ಗಾಳಿ ವೇಗದ ಆನ್‌ಲೈನ್ ಮ್ಯಾಪ್) ತೆಗೆದು ನಿಮ್ಮ ಸೈಟಿನ ಗುಡ್ಡ ಹುಡುಕಿ, ಅಲ್ಲಿ ತೋರಿಸೋ ವೇಗಕ್ಕೂ ನಿಮ್ಮ ಟರ್ಬೈನ್ ಕೊಡೋ ಯೂನಿಟ್ಟಿಗೂ ಯಾಕೆ ತಾಳೆ ಆಗಲ್ಲ ಅಂತ ಯೋಚಿಸೋಕೆ ಶುರು ಮಾಡಿ. ಆ ಪ್ರಶ್ನೆ ಒಂದು ವಾರ ಬಿಡದೆ ಕಾಡಿದ್ರೆ ಅಪ್ಲಿಕೇಶನ್ ಹಾಕಿ, ಯಾಕೆ ಓದ್ಬೇಕು ಅನ್ನೋ ಪತ್ರದಲ್ಲೂ ಅದನ್ನೇ ಬರೀರಿ. ಬರೆದದ್ದನ್ನ ನನಗೆ ಇನ್‌ಬಾಕ್ಸ್‌ಗೆ ಕಳಿಸಿದ್ರೆ ಓದಿ ತಿದ್ದಿ ಕೊಡ್ತೀನಿ, ಸೈಟಲ್ಲಿರೋರಿಗೆ ಮೊದಲು.